ಹನ್ನೆರಡು ನಿಮಿಷದ ನೀರು

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಕೂಸೇ,

ಮೊದಲು ಬೈಯುವುದನ್ನು ಮುಗಿಸು, ಆಮೇಲೆ ಓದು. ನಿನ್ನ ಕಾಗದ ಕೈಸೇರಿ ಏಳು ವಾರವಾಯಿತು. ಬಲಗೈಯ ಎರಡು ಬೆರಳು ಊದಿಕೊಂಡು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ ಅನ್ನುವುದು ನಿಜ. ಆದರೆ ಅದು ಮೂರು ವಾರದ ಮಾತು, ಉಳಿದ ನಾಲ್ಕು ವಾರಕ್ಕೆ ನನ್ನ ಹತ್ತಿರ ನೆಪವಿಲ್ಲ. ಮೇಜಿನ ಮುಂದೆ ಕೂರುತ್ತಿದ್ದೆ, ಟೀ ಆರುವ ತನಕ ಕಿಟಕಿ ನೋಡುತ್ತಿದ್ದೆ, ಎದ್ದು ಹೋಗುತ್ತಿದ್ದೆ. ನಾನು ಆರೋಗ್ಯವಾಗಿದ್ದೇನೆ. ನೀವು ಮೂವರೂ ಹಾಗೇ ಇದ್ದೀರಿ ಅಂದುಕೊಂಡೇ ಬರೆಯುತ್ತಿದ್ದೇನೆ. ಪುಟಾಣಿಯ ಕೆಮ್ಮು ಹೋಯಿತೇ?

ಅವಳನ್ನು ಗದರಿಸಬೇಡ. ಫೋನಿನಲ್ಲಿ "ತಾತಾ, ಏನ್ಮಾಡ್ತಿದೀಯಾ?" ಅಂದಳು. "ದೋಣಿ ಒಣಗಿಸ್ತಿದೀನಿ" ಅಂದುಬಿಟ್ಟೆ. ನಾಲ್ಕು ವರ್ಷದ ಮಗುವಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಮರುವಾರವೇ ನಿನ್ನ ಕಾಗದ. "ಅಪ್ಪ, ಆ ಹೆಂಗಸಿನ ಹತ್ತಿರ ಕಯಾಕ್ ಕಲೀತಿದೀಯಾ? ಹೌದೋ ಅಲ್ಲವೋ, ಅಷ್ಟೇ ಬರಿ."

ಹೌದು.

ಅಷ್ಟನ್ನೇ ಬರೆದು ಅಂಚೆಗೆ ಹಾಕಬಹುದಿತ್ತು. ನಿನ್ನನ್ನು ಹದಿನೈದನೆಯ ವಯಸ್ಸಿಗೆ ನೀರಿಗೆ ಇಳಿಸಿದ ಕೋಚಮ್ಮ ನಿನ್ನ ಕಾಗದದಲ್ಲಿ 'ಆ ಹೆಂಗಸು' ಆಗಿರುವುದನ್ನು ಓದಿದ ಮೇಲೆ ಒಂದು ಪದದಲ್ಲಿ ಉತ್ತರ ಮುಗಿಸಲು ಕೈ ಬರಲಿಲ್ಲ. ಆದದ್ದನ್ನೆಲ್ಲ ಬರೆಯುತ್ತೇನೆ. ಸಾವಕಾಶವಾಗಿ ಓದು.

ನಿವೃತ್ತನಾದ ಮೊದಲ ಶನಿವಾರ ಏನಾಯಿತು ಗೊತ್ತೇ? ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅಣೆಕಟ್ಟಿನ ಸೈರನ್ ಮೂರು ಸಲ ಕೂಗಿತು. ನಾನು ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ನನ್ನ ಬಲಗೈ ತಾನಾಗಿ ಮುಂದೆ ಹೋಗಿ ಕನ್ನಡಿಯ ಪಕ್ಕದ ಗೋಡೆಯನ್ನು ಒತ್ತಿತು. ಮೂವತ್ತೊಂದು ವರ್ಷ ಹೊಳೆಗೆ ನೀರು ಬಿಡುವ ಹಸಿರು ಗುಂಡಿ ಒತ್ತಿದ ಕೈ, ಅದಕ್ಕೆ ನಿವೃತ್ತಿಯ ಆದೇಶ ತಲುಪಿರಲಿಲ್ಲ. ನನಗೇ ನಗು ಬಂತು. ಮುಖ ತೊಳೆದುಕೊಂಡು ಹೊರಟೆ, ಒತ್ತಿದ ನೀರು ಎಲ್ಲಿಗೆ ಹೋಗುತ್ತದೆ ನೋಡೋಣ ಅಂತ.

ಇದನ್ನು ಯಾರಿಗೂ ಹೇಳಬೇಡ, ನಾಚಿಕೆಯ ವಿಷಯ. ವಾಲ್ವ್ ರೂಮಿನಲ್ಲಿ ಕೂತವನಿಗೆ ನೀರೆಂದರೆ ಮೀಟರಿನ ಒಂದು ಮುಳ್ಳು, ಒಂದು ಸದ್ದು, ಕಾಲ ಕೆಳಗೆ ನೆಲದ ಸಣ್ಣ ನಡುಕ. ನೀರು ಬಿಡುವುದು ಗೊತ್ತಿತ್ತು, ನೀರು ಹೋಗುವುದು ಗೊತ್ತಿರಲಿಲ್ಲ. ನೀನು ಎಂಟು ವರ್ಷ ಆ ನೀರಿನಲ್ಲಿ ಆಡಿದೆ. ನಾನು ಒಂದು ಶನಿವಾರವೂ ಬಂದು ನೋಡಲಿಲ್ಲ, ಏಕೆಂದರೆ ಶನಿವಾರ ನಾನು ಡ್ಯೂಟಿಯಲ್ಲಿ ಇದ್ದರೇ ತಾನೇ ನಿನಗೆ ನೀರು?

ದಂಡೆಯ ಹಾದಿಯಲ್ಲಿ ಇಳಿದೆ. ಶುಕ್ರವಾರದ ತನಕ ಬರೀ ಬಂಡೆಗಳ ಒಣ ಹಾಸು ಆಗಿದ್ದ ಜಾಗದಲ್ಲಿ ನೀರು ಬರುತ್ತಿರುವುದನ್ನು ಮೊದಲ ಸಲ ಎದುರಿನಿಂದ ನೋಡಿದೆ. ಮೊದಲು ಒಂದು ನಾಲಿಗೆ ಬಂತು, ಕಲ್ಲುಗಳ ನಡುವೆ ದಾರಿ ಹುಡುಕುತ್ತ. ಹಿಂದೆಯೇ ಇಡೀ ಹೊಳೆ ಬಂತು. ಎರಡು ನಿಮಿಷದಲ್ಲಿ ನಾನು ನಿಂತ ಬಂಡೆ ನಡುಗಡ್ಡೆಯಾಗುವುದರಲ್ಲಿತ್ತು. ಹಿಂದಿನಿಂದ ಒಂದು ಧ್ವನಿ: "ಸಾರ್, ನೀರು ಬಿಟ್ಟೋರೇ ನೀರಲ್ಲಿ ಹೋದ್ರೆ ಚೆನ್ನಾಗಿರಲ್ಲ. ಈ ಕಡೆ ಬನ್ನಿ."

ಕೋಚಮ್ಮ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅದೇ ಹಳದಿ ಹೆಲ್ಮೆಟ್ಟು, ಅದೇ ಗಟ್ಟಿ ಗಂಟಲು. ಒಂಬತ್ತು ವರ್ಷದ ಮೇಲೆ ನಾವಿಬ್ಬರೂ ಎದುರುಬದುರು ನಿಂತಿದ್ದೆವು. ಅವರು ನಿನ್ನ ಬಗ್ಗೆ ಕೇಳಿದರು, ಪುಟಾಣಿಯ ವಯಸ್ಸು ಕೇಳಿದರು, ನೀನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತೀ ಎಂದಾಗ "ಅದು ಒಳ್ಳೇದಾಯ್ತು" ಎಂದು ಎರಡು ಸಲ ಅಂದರು. ಹೊರಡುವಾಗ "ಇಷ್ಟು ವರ್ಷ ನಮಗೆ ನೀರು ಕೊಟ್ರಿ, ನಮ್ಮದೊಂದು ದೋಣಿ ತಗೊಂಡು ನೋಡಿ" ಎಂದು ನಕ್ಕರು. ನಾನು ಆವತ್ತು ಅವರ ಹತ್ತಿರ ಬೇರೆ ಏನೋ ಮಾತಾಡಬೇಕೆಂದಿದ್ದೆ. ಮಾತಾಡುವ ಬದಲು ದೋಣಿಯಲ್ಲಿ ಕೂತೆ.

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರಲ್ಲ, ನನಗೆ ಎರಡು ವರ್ಷ ತಡವಾಗಿ ಬಂತು. ಸೊಂಟಕ್ಕೆ ಬಿಗಿಯುವ ಆ ರಬ್ಬರ್ ಮುಚ್ಚಳಕ್ಕೆ ಸ್ಕರ್ಟ್ ಅನ್ನುತ್ತಾರೆ ಅಂತ ನೀನು ನನಗೆ ಯಾಕೆ ಹೇಳಿರಲಿಲ್ಲ? ಮೊದಲ ದಿನ ಕೋಚಮ್ಮ ಎಲ್ಲರ ಮುಂದೆ "ಸಾರ್, ಸ್ಕರ್ಟ್ ಹಾಕ್ಕೊಂಡು ಬನ್ನಿ" ಎಂದು ಕೂಗಿದಾಗ ನಾನು ಮನೆಗೇ ಹೋಗುವವನಿದ್ದೆ. ಜೊತೆಗೆ ಕಲಿಯಲು ಬಂದಿದ್ದ ಡ್ರಾಯಿಂಗ್ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಅವರಿಗೆ ನಲವತ್ತೈದು, ಕಡ್ಡಿಯಂಥ ಮೈ, ದಪ್ಪ ಕನ್ನಡಕ, ಎಲ್ಲದಕ್ಕೂ ಅವಸರ. ನಾವಿಬ್ಬರೂ ತರಗತಿಯ ಹಿಂದಿನ ಬೆಂಚು.

ಮಗುಚಿದ ದೋಣಿಯಲ್ಲೇ ಕೂತು, ಹುಟ್ಟು ಬೀಸಿ, ಸೊಂಟ ತಿರುಗಿಸಿ ಮೇಲೇಳುವುದನ್ನು ಕಲಿಯಲು ನನಗೆ ಐದು ತಿಂಗಳು ಹಿಡಿಯಿತು. ನೀನು ನಾಲ್ಕು ದಿನದಲ್ಲಿ ಕಲಿತಿದ್ದೆಯಂತೆ. "ತಲೆ ಮೊದಲು ಎತ್ತಬೇಡಿ ಸಾರ್. ತಲೆ ಕೊನೆಗೆ ಬರಬೇಕು. ಮೊದಲು ಸೊಂಟ" ಎಂದು ಕೋಚಮ್ಮ ದಿನಾ ಕೂಗುತ್ತಿದ್ದರು. ಜೀವನವಿಡೀ ತಲೆಯನ್ನೇ ಮುಂದೆ ಮಾಡಿಕೊಂಡು ಬಂದವನಿಗೆ ಅದು ಸುಲಭವೇ? ಹೊಳೆ ಸುತ್ತಿಕೊಂಡು ಹಿಂದಕ್ಕೆ ಎಳೆಯುವ ಆ ಮಡು, ಅದಕ್ಕೆ ನೀವೆಲ್ಲ ಸೇರಿ 'ಅತ್ತೆಮನೆ' ಅಂತ ಹೆಸರಿಟ್ಟಿದ್ದಿರಂತೆ, ಒಳಗೆ ಹೋಗುವುದು ಸುಲಭ, ಬಿಡಿಸಿಕೊಂಡು ಬರುವುದು ಕಷ್ಟ ಎಂದು. ನಾನೂ ಅಲ್ಲಿ ಮೂರು ಸಲ ಸೊಸೆಯಾಗಿ ಬಂದೆ.

ನಗು ಸಾಕು. ಇನ್ನು ಬರೆಯಬೇಕಾದದ್ದು ಹೊಳೆಯ ಆ ಜೋಡಿಬಂಡೆಯ, ಇಕ್ಕಳದ ವಿಷಯ. ಆ ಹೆಸರು ಕಂಡ ಕೂಡಲೇ ನೀನು ಕಾಗದ ಮಡಚಿಡುತ್ತೀ ಎಂದು ಗೊತ್ತು. ಮಡಚಿಡು. ಆದರೆ ಮತ್ತೆ ತೆಗೆ.

ಬುಧವಾರ

ಭಾನುವಾರ ಅಲ್ಲಿಗೇ ನಿಂತುಹೋಯಿತು. ಕೆಳಗಿನ ಸೈಕಲ್ ರಿಪೇರಿಯವನು ಮಾತಾಡಲು ಮೇಲೆ ಬಂದ, ನನಗೂ ನಿಲ್ಲಿಸಲು ಒಂದು ಕಾರಣ ಬೇಕಿತ್ತು.

ಫೆಬ್ರವರಿಯ ಮೊದಲ ಶನಿವಾರ ನಾವು ಆರು ಜನ ಇಳಿದಿದ್ದೆವು. ಇಕ್ಕಳದ ಎರಡು ಬಂಡೆಗಳ ನಡುವಿನ ಕಿಂಡಿಗೆ ಕಲಿಯುವವರನ್ನು ಕೋಚಮ್ಮ ಈಗ ಬಿಡುವುದೇ ಇಲ್ಲ. ಐವತ್ತು ಹೆಜ್ಜೆ ಮೇಲೆಯೇ ದಡ ಹತ್ತಿಸಿ, ದೋಣಿ ಹೊತ್ತುಕೊಂಡು ಬಂಡೆಗಳ ಮೇಲಿಂದ ನಡೆಸುತ್ತಾರೆ. ನಾನು ಮೊದಲು ಹತ್ತಿದ್ದೆ, ದೋಣಿ ಕೆಳಗಿಟ್ಟು ಸುಧಾರಿಸಿಕೊಳ್ಳುತ್ತಿದ್ದೆ. ಮೇಷ್ಟ್ರು ಹಿಂದಿದ್ದರು. ಇನ್ನೊಂದು ಅಲೆ ಆಡಿಕೊಂಡು ಬರುತ್ತೇನೆ ಎಂದು ದೋಣಿ ತಿರುಗಿಸಿದರಂತೆ. ದಡ ಎರಡು ಮಾರು ತಪ್ಪಿತು. ಅಷ್ಟೇ.

ಅವರ ದೋಣಿ ನನ್ನ ಕಣ್ಣೆದುರೇ ಬಂದು ಕಿಂಡಿಗೆ ಅಡ್ಡ ಸಿಕ್ಕಿತು. ಹಿಂದಿನಿಂದ ನೀರು ಏರಿತು. ದೋಣಿ ನಡುವೆ ಮಡಿಸಿಕೊಂಡು ಅವರ ಕಾಲುಗಳನ್ನು ಕಚ್ಚಿ ಹಿಡಿಯಿತು. ನಾನು ಬಂಡೆಯ ಮೇಲೆ ಬೋರಲು ಬಿದ್ದು ಕೈಚಾಚಿ ಅವರ ಲೈಫ್ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದೆ. ಎತ್ತಿ ಹಿಡಿದರೆ ನೀರು ಗದ್ದದ ತನಕ, ಸಡಿಲಿಸಿದರೆ ಮೂಗಿನ ಮೇಲೆ. ಅವರು ಹೇಳಿದ ಮೊದಲ ಮಾತು, "ಸಾರ್, ಕನ್ನಡಕ ಹೋಯ್ತು."

ಕೋಚಮ್ಮ ಓಡಿ ಬಂದರು. ನಿನ್ನ ಗೆಳತಿ ಗುಬ್ಬಿ ಇದೇ ಕಿಂಡಿಯಲ್ಲಿ ಹೋದ ಮೇಲೆ ಅವರ ಭುಜಕ್ಕೊಂದು ವೈರ್‌ಲೆಸ್ ಕೊಟ್ಟಿದ್ದಾರೆ, ನೇರ ವಾಲ್ವ್ ರೂಮಿಗೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು. ಅಂತೂ ಬಾಗಿಲು ಇದೆ. ಓಡುತ್ತಲೇ ಹೇಳಿದರು: "ವಾಲ್ವ್ ರೂಮ್, ಇಕ್ಕಳದಲ್ಲಿ ಒಬ್ರು ಸಿಕ್ಕಾಕೊಂಡಿದಾರೆ. ನೀರು ಮುಚ್ಚಿ."

ಆ ಕಡೆ ಇದ್ದದ್ದು ನನ್ನ ಜಾಗಕ್ಕೆ ಬಂದ ಹೆಣ್ಣುಮಗಳು. ಎರಡು ತಿಂಗಳು ನಾನೇ ಕೆಲಸ ಕಲಿಸಿದ್ದೆ. ಬಾಯಿ ತೆರೆದರೆ ಮುಚ್ಚದವಳು, ಎಲ್ಲರೂ ಅವಳನ್ನು ಮಾತಿನಮಲ್ಲಿ ಅನ್ನುತ್ತಾರೆ. ಆವತ್ತು ಎರಡೇ ಮಾತು ಆಡಿದಳು. "ಮುಚ್ತಿದೀನಿ ಅಕ್ಕಾ."

ಮೇಷ್ಟ್ರು ನನ್ನನ್ನು ನೋಡಿ ಕೇಳಿದರು, "ಎಷ್ಟೊತ್ತು ಸಾರ್?"

ವಾಲ್ವ್ ಮುಚ್ಚಿದ ಮೇಲೆ ಇಕ್ಕಳದಲ್ಲಿ ನೀರು ಇಳಿಯಲು ಹನ್ನೆರಡು ನಿಮಿಷ ಬೇಕು. ವಾಲ್ವ್ ರೂಮಿನ ಗೋಡೆಯ ಮೇಲೆ ನನ್ನ ಕೈಬರಹದಲ್ಲೇ ಬರೆದಿಟ್ಟಿದೆ. "ಹನ್ನೆರಡು ನಿಮಿಷ, ಮೇಷ್ಟ್ರೇ" ಅಂದೆ. ಗೋಡೆಯ ಮೇಲೆ ಅದು ಎಷ್ಟು ಚಿಕ್ಕ ಸಂಖ್ಯೆ!

ಕೋಚಮ್ಮ ಅವರ ಎದೆಗೆ ಹಗ್ಗ ಸುತ್ತಿ ಮರಕ್ಕೆ ಬಿಗಿದರು, ಅರ್ಧ ಭಾರ ಹಗ್ಗಕ್ಕೆ ಹೋಯಿತು. ಉಳಿದರ್ಧ ನನ್ನ ಬೆರಳುಗಳಿಗೆ. ಮೂರನೆಯ ನಿಮಿಷಕ್ಕೆ ಬೆರಳು ಉರಿಯತೊಡಗಿತು. ಐದಕ್ಕೆ ಉರಿ ಹೋಯಿತು, ಬೆರಳು ಇವೆಯೋ ಇಲ್ಲವೋ ಎಂದು ನೋಡಿ ತಿಳಿಯಬೇಕಾಯಿತು. ಮೇಷ್ಟ್ರು ಮೊದಮೊದಲು ಮಾತಾಡುತ್ತಿದ್ದರು, ಮಕ್ಕಳ ಚಿತ್ರಗಳು ಅಲಮಾರಿಯಲ್ಲಿವೆ, ಬೀಗದ ಕೈ ಇಂಥ ಕಡೆ ಇದೆ ಎಂದೆಲ್ಲ. ಆಮೇಲೆ ಹಲ್ಲು ಕಟಕಟ ಅನ್ನುವುದೊಂದೇ. ಎಂಟನೆಯದೋ ಒಂಬತ್ತನೆಯದೋ ನಿಮಿಷಕ್ಕೆ ಬಹಳ ಸಮಾಧಾನದಿಂದ, ಕ್ಲಾಸಿನಲ್ಲಿ ಹೇಳುವ ಹಾಗೆ, "ಸಾರ್, ಕೈ ಸೋತ್ರೆ ಬಿಡಿ, ಪರ್ವಾಗಿಲ್ಲ" ಅಂದರು.

"ಬಾಯ್ಮುಚ್ಚಿ ಮೇಷ್ಟ್ರೇ!" ಎಂದು ಕಿರುಚಿದೆ. ಅಂಥ ಧ್ವನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಆಗ ಕೋಚಮ್ಮ ನನ್ನ ಭುಜ ತಟ್ಟಿ ಎದುರಿನ ಬಂಡೆ ತೋರಿಸಿದರು. ಬಂಡೆಯ ಮೇಲೆ ಒದ್ದೆಯ ಗೆರೆಯೊಂದು ಮೂಡಿತ್ತು, ಅದರ ಕೆಳಗೆ ನೀರು ಒಂದು ಬೆರಳು ಇಳಿದಿತ್ತು. ನೋಡುತ್ತಿದ್ದ ಹಾಗೆ ಎರಡು ಬೆರಳು. ಆಮೇಲೆ ಒಂದು ಗೇಣು. ನೀರು ಸೊಂಟಕ್ಕಿಳಿದಾಗ ನಾಲ್ವರು ಸೇರಿ ದೋಣಿ ಸೀಳಿ ಎಳೆದೆವು. ಎಡಗಾಲು ಮೊಣಕಾಲ ಕೆಳಗೆ ಮುರಿದಿತ್ತು. ಆದರೆ ಮನುಷ್ಯ ಉಳಿದರು. ಈಗ ಮನೆಯಲ್ಲಿ ಮಲಗಿಕೊಂಡೇ ಪ್ಲಾಸ್ಟರಿನ ಮೇಲೆ ಮೀನು ಬರೆಯುತ್ತಿದ್ದಾರೆ.

ಕೂಸೇ, ಆ ಬಂಡೆಯ ಮೇಲೆ ನಾನು ನಿನ್ನೊಬ್ಬಳನ್ನೇ ನೆನೆದೆ. ನೀನು ಗುಬ್ಬಿಯನ್ನು ಹಿಡಿದುಕೊಂಡಿದ್ದದ್ದು ಇದೇ ಬಂಡೆಯ ಮೇಲೆ, ಒಬ್ಬಳೇ, ಹಗ್ಗವಿಲ್ಲದೆ, ಇಪ್ಪತ್ತು ನಿಮಿಷಕ್ಕೂ ಮೇಲೆ. ನಿನಗೆ ಆಗ ಇಪ್ಪತ್ತಮೂರು, ಅವಳಿಗೆ ಇಪ್ಪತ್ತೆರಡು. ಆವತ್ತು ಸಂಜೆ ನೀನು ಅಡುಗೆಮನೆಯಲ್ಲಿ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದೆ, ಅವು ಬೇರೆ ಯಾರದೋ ಎಂಬ ಹಾಗೆ. ನಾನು ತಟ್ಟೆ ತಂದಿಟ್ಟು "ಏನಾದ್ರೂ ತಿನ್ನು" ಅಂದೆ. ಚಮಚ ಹಿಡಿಯಲು ನಿನಗೆ ಆಗುತ್ತಿರಲಿಲ್ಲ ಎಂಬುದು ನನ್ನ ಬೆರಳು ಊದಿದ ಮೇಲೆ ನನಗೆ ತಿಳಿಯಿತು. ಒಂಬತ್ತು ವರ್ಷ ತಡವಾಗಿ.

ಕೋಚಮ್ಮ ಸೇತುವೆಯ ಫೋನಿಗೆ ಓಡಿದ್ದು ತಡವಾಯಿತು, ಎಲ್ಲೋ ನಿಂತರು, ಅಥವಾ ಕೈಕಾಲು ಕಟ್ಟಿಹೋಯಿತು, ಅದರಿಂದಲೇ ಗುಬ್ಬಿ ಹೋದಳು ಎಂದು ನೀನು ನಂಬಿದ್ದೀ. ವಿಚಾರಣೆಯ ದಿನ, ಲಾಗ್ ಪುಸ್ತಕದ ಸಮಯದಿಂದ ಓಟದ ಹೊತ್ತು ಕಳೆದು ನೋಡಿ, ಎಲ್ಲರ ಎದುರು ಎದ್ದು ನಿಂತು "ಹದಿನಾಲ್ಕು ನಿಮಿಷ ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಆಮೇಲೆ ನೀನು ಹೊಳೆಯ ಕಡೆ ತಿರುಗಿ ನೋಡಲಿಲ್ಲ.

ಮಾತಿನಮಲ್ಲಿಯ ಕಥೆ ಹೇಳಿ ಮುಗಿಸುತ್ತೇನೆ. ವಾಲ್ವ್ ಒಮ್ಮೆಲೇ ಮುಚ್ಚಿದ್ದರಿಂದ ಕೆಳಗಿನ ವಿದ್ಯುತ್ ಕೇಂದ್ರದ ಯಂತ್ರ ನಿಂತುಹೋಯಿತು. ಎಂಜಿನಿಯರರ ಆದೇಶವಿಲ್ಲದೆ ವಾಲ್ವ್ ಮುಟ್ಟಬಾರದೆಂಬ ನಿಯಮ ಹಾಗೇ ಇದೆ. ಅವಳಿಗೆ ನೋಟಿಸು ಬಂತು. ಅದರ ಮೇಲೊಂದು ಮಾತು ಬೇರೆ, ನೀರಿನಲ್ಲಿದ್ದದ್ದು ಗುರುವಿನ ಗುಂಪು, ಅದಕ್ಕೇ ಮುಚ್ಚಿದಳು ಎಂದು. ಮೊನ್ನೆ ಗುರುವಾರ ವಿಚಾರಣೆ. ನಾನು, ಕೋಚಮ್ಮ ಸಾಕ್ಷಿಗೆ ಹೋಗಿದ್ದೆವು. ಅದೇ ಉದ್ದನೆಯ ಕೋಣೆ, ಅದೇ ಕಿರುಗುಡುವ ಫ್ಯಾನು. ಮೂವರು ಅಧಿಕಾರಿಗಳು.

"ಆದೇಶಕ್ಕೆ ಯಾಕೆ ಕಾಯ್ಲಿಲ್ಲಮ್ಮ?" ಎಂದು ದೊಡ್ಡವರು ಕೇಳಿದರು.

ಅವಳು ಹೇಳಿದಳು, "ಕಾಯ್ಬೇಕು ಅಂತ ನೆನಪೇ ಆಗ್ಲಿಲ್ಲ ಸಾರ್. ಗೋಡೆ ಮೇಲೆ ಹನ್ನೆರಡು ನಿಮಿಷ ಅಂತ ಬರ್ದಿದೆ. ಅದಕ್ಕೆ ಇನ್ನೊಂದು ಸೇರಿಸ್ಬಾರ್ದು ಅಂತ ಅಷ್ಟೇ ಅನ್ನಿಸ್ತು."

ಅವಳ ಕೆಲಸ ಉಳಿಯಿತು. ನಿಯಮ ಬದಲಾಗುತ್ತದಂತೆ, ಇನ್ನು ಮುಂದೆ ಜೀವದ ಪ್ರಶ್ನೆ ಬಂದರೆ ಮೊದಲು ವಾಲ್ವ್, ಆಮೇಲೆ ಆದೇಶ. ಕಾಗದದ ಮೇಲೆ ಬರುವ ತನಕ ನಂಬುವವನಲ್ಲ ನಾನು, ಆದರೂ ಬರೆದುಕೊಂಡರು.

ನಿನ್ನ ಒಂದು ಸಾಲಿಗೆ ಇಷ್ಟುದ್ದದ ಉತ್ತರ. ಅಳಿಯಂದಿರಿಗೆ ನನ್ನ ನೆನಕೆ ತಿಳಿಸು. ಪುಟಾಣಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿನ್ನ ಕೈಗಳು ನೂರು ಮಕ್ಕಳನ್ನು ನೀರಿನಲ್ಲಿ ತೇಲಿಸಲಿ, ಒಂದು ದಿನವೂ ನೋಯದಿರಲಿ. ನಿನ್ನ ಅಮ್ಮ ಇದ್ದಿದ್ದರೆ ಇದಕ್ಕಿಂತ ಚೆನ್ನಾಗಿ ಹರಸುತ್ತಿದ್ದಳು. ನನಗೆ ಬರುವುದು ಇಷ್ಟೇ.

ಯಾವತ್ತೂ ನಿನ್ನವನೇ,
ಅಪ್ಪ

ಮರೆತ ಮಾತು: ಮರೆತಿರಲಿಲ್ಲ. ಇದಕ್ಕಾಗಿಯೇ ಏಳು ವಾರ ಆದದ್ದು.

ಕೋಚಮ್ಮನ ಫೋನು ಆವತ್ತು ತಡವಾಗಿ ಬರಲಿಲ್ಲ. ಹತ್ತು ಇಪ್ಪತ್ತಕ್ಕೆ ಬಂತು. ಸೇತುವೆಯ ತನಕ ಅದಕ್ಕಿಂತ ಬೇಗ ಯಾರೂ ಓಡಲಾರರು. "ಹುಡುಗಿ ಒಬ್ಬಳು ಇಕ್ಕಳದಲ್ಲಿ ಸಿಕ್ಕಾಕೊಂಡಿದಾಳೆ, ನೀರು ಮುಚ್ಚಿ ಸಾರ್" ಅಂದರು. ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. ನೀನೇ ಇರಬಹುದು ಎಂಬ ಯೋಚನೆ ಬಂತು, ಬಂದದ್ದಕ್ಕೇ ಕೈ ನಿಂತಿತು. ಅದಕ್ಕೂ ಹಿಂದಿನ ತಿಂಗಳು ನಿನ್ನ ಅಭ್ಯಾಸಕ್ಕೆಂದು ನಾನು ಇಪ್ಪತ್ತು ನಿಮಿಷ ಹೆಚ್ಚಿಗೆ ನೀರು ಬಿಟ್ಟಿದ್ದೆ. ಎಂಜಿನಿಯರು ಎಲ್ಲರ ಮುಂದೆ "ಹೊಳೆ ನಿಮ್ಮ ಮಗಳ ಸ್ವತ್ತಲ್ಲ" ಅಂದಿದ್ದರು. ಇನ್ನೊಮ್ಮೆ ಆ ಮಾತು ಕೇಳಬಾರದೆಂದು ಅವರ ಮನೆಗೆ ಫೋನು ಮಾಡಿದೆ. ಸ್ನಾನಕ್ಕೆ ಹೋಗಿದ್ದಾರೆ ಅಂದರು. ನಾನು ಕಾದೆ. ಗುಂಡಿಯಿಂದ ಒಂದು ಮೊಳ ದೂರ, ಗಡಿಯಾರ ನೋಡುತ್ತ ಕಾದೆ. ಆದೇಶ ಬಂದಾಗ ಹತ್ತು ಮೂವತ್ತನಾಲ್ಕು. ಮುಚ್ಚಿದೆ. ಅದರ ಮೇಲೆ ನೀರಿಗೆ ಅದರದೇ ಹನ್ನೆರಡು ನಿಮಿಷ. ಗುಬ್ಬಿಗೆ ಅಷ್ಟು ಹೊತ್ತು ಇರಲಿಲ್ಲ.

ಮಧ್ಯಾಹ್ನ ಲಾಗ್ ಪುಸ್ತಕದಲ್ಲಿ, ಫೋನು ಬಂದ ಸಮಯ ಹತ್ತು ಮೂವತ್ತನಾಲ್ಕು ಎಂದು ಬರೆದೆ. ಯಾರೂ ನನಗೆ ಹಾಗೆ ಬರೆ ಎನ್ನಲಿಲ್ಲ. ನೀನು ಓದಿದ್ದು ಆ ಸಾಲು. ನೀನು ಕೋಚಮ್ಮನನ್ನು ಕೇಳಿದ ಹದಿನಾಲ್ಕು ನಿಮಿಷ ನನ್ನವು. ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

ಮೊನ್ನೆ ಗುರುವಾರ ದೊಡ್ಡವರು ನನ್ನ ಕಡೆ ತಿರುಗಿ, "ನೀವಿದ್ದಿದ್ರೆ ಏನ್ ಮಾಡ್ತಿದ್ರಿ?" ಎಂದು ಕೇಳಿದರು. ನಾನು ಏನು ಮಾಡಿದ್ದೆ ಎಂಬುದನ್ನು ಹೇಳಿದೆ. ಬರೆದುಕೊಟ್ಟು ಸಹಿ ಹಾಕಿ ಬಂದಿದ್ದೇನೆ. ಗುಬ್ಬಿಯ ತಾಯಿಯ ಮನೆಗೂ ಹೋಗಿ ಹೇಳಿ ಬಂದೆ. ಅವರು ಎಲ್ಲ ಕೇಳಿಸಿಕೊಂಡು ಎದ್ದು ಬಾಗಿಲು ತೆರೆದು ನಿಂತರು. ನಾನು ಹೊರಗೆ ಬಂದೆ.

ವಿಚಾರಣೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಕೋಚಮ್ಮನನ್ನು ಕೇಳಿದೆ, "ನಿಮಗೆ ಮೊದಲಿನಿಂದ ಗೊತ್ತಿತ್ತಲ್ಲ, ಅವಳಿಗೆ ಯಾಕೆ ಹೇಳ್ಲಿಲ್ಲ?"

ಅವರು ಮೆಟ್ಟಿಲು ಇಳಿಯುತ್ತಲೇ ಅಂದರು, "ತಾಯಿ ಮೊದಲೇ ಇಲ್ಲ. ಗೆಳತಿ ಕಣ್ಣೆದುರೇ ಹೋದ್ಲು. ಅಪ್ಪನ್ನೂ ಕಿತ್ಕೊಂಡ್ರೆ ಆ ಹುಡುಗಿ ಯಾರ ಮನೆಗೆ ಹೋಗ್ತಿದ್ಲು ಸಾರ್? ಕೋಚು ಬೇಕಾದ್ರೆ ಇನ್ನೊಬ್ರು ಸಿಗ್ತಾರೆ."

ನನಗೆ ಉತ್ತರ ಬರೆಯದಿದ್ದರೂ ಸರಿ. ಅವರಿಗೆ ಬರೆ.